ಕಲ್ಲಿಗೆ ಯಾವ ಕ್ಯಾಮೆರಾ? ಶಾಸನ, ವೀರಗಲ್ಲು, ಕಲ್ಗೊಡಲಿಗಳನ್ನು ಕಂಪ್ಯೂಟರಿಗೆ ಇಳಿಸುವ ದಾರಿಗಳ ಹೋಲಿಕೆ

ಆಷಾಢ ಬಂತೆಂದರೆ ನಮ್ಮ ಸ್ಟುಡಿಯೋ ಖಾಲಿ. ಲಗ್ನ ಇಲ್ಲ, ಗೃಹಪ್ರವೇಶ ಇಲ್ಲ, ಆಲ್ಬಂ ಕೇಳುವವರೂ ಇಲ್ಲ. ಆಕಾಶದಲ್ಲಿ ಮೋಡ ಮಾತ್ರ ಕವಿದಿರುತ್ತದೆ. ಗಂಗಾವತಿಯಲ್ಲಿ ಕ್ಯಾಮೆರಾ ಹಿಡಿದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಅದು ಕಲ್ಲುಗಳ ತಿಂಗಳು. ಕೆಲವು ವರ್ಷಗಳ ಹಿಂದೆ ಇತಿಹಾಸ ಪಾಠ ಮಾಡುವ ಮೇಡಂ ಒಬ್ಬರು ಹಳ್ಳಿಯೊಂದರ ವೀರಗಲ್ಲಿನ ಫೋಟೋ ತೆಗೆಯೋಕೆ ಕರೆದುಕೊಂಡು ಹೋದರು. ನಾನು ಟ್ರೈಪಾಡ್ ಇಟ್ಟು, ಫ್ಲ್ಯಾಷ್ ಹಚ್ಚಿ, ಕಲ್ಲಿನ ಸುತ್ತ ಸುತ್ತುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಕೇಳಿದರು: "ಏನಪಾ ತಮ್ಮಾ, ಕಲ್ಲಿಗೂ ಲಗ್ನ ಐತೇನು?"

ಅಲ್ಲಿಂದ ಶುರುವಾದ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಸಂಶೋಧನಾ ವಿದ್ಯಾರ್ಥಿಗಳು, ಹೈಸ್ಕೂಲ್ ಮೇಷ್ಟ್ರುಗಳು, ಒಮ್ಮೊಮ್ಮೆ ದೇವಸ್ಥಾನದ ಕಮಿಟಿಯವರು ಅಂಗಡಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಯಾವ ಮಷೀನ್ ತಗೋಬೇಕು?" ನಾನು ತಿರುಗಿ ಕೇಳುವುದೂ ಒಂದೇ. ಕಲ್ಲಿನಿಂದ ನಿಮಗೆ ಬೇಕಾಗಿರುವುದೇನು? ಅಕ್ಷರವೋ, ಆಕಾರವೋ, ಬಣ್ಣವೋ, ಅಳತೆಯೋ? ಈ ನಾಲ್ಕಕ್ಕೂ ದಾರಿ ಬೇರೆ ಬೇರೆ. ಲಕ್ಷಗಟ್ಟಲೆ ಬೆಲೆಯ ಸ್ಕ್ಯಾನರ್ ತಂದರೂ ಸವೆದ ಅಕ್ಷರ ಕಾಣದೆ ಹೋಗಬಹುದು. ಹಳೇ ಕ್ಯಾಮೆರಾ, ಒಂದು ಫ್ಲ್ಯಾಷ್, ಒಂದು ದಾರ ಇದ್ದರೆ ಅದೇ ಅಕ್ಷರ ಎದ್ದು ನಿಲ್ಲಬಹುದು.

ಅಕ್ಷರ ಓದಬೇಕಾದರೆ

ನಮ್ಮ ಸೀಮೆಯಲ್ಲಿ ಅಕ್ಷರದ ಬೆಲೆ ಎಷ್ಟೆಂದು ತಿಳಿಯೋಕೆ ಮಸ್ಕಿ ಸಾಕು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿನ ಬಂಡೆಯ ಬರಹ ಕಂಡ. ಅದರಲ್ಲಿ 'ಅಸೋಕ' ಎಂಬ ಹೆಸರೇ ಇತ್ತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಎಂದು ಬಂಡೆಯೇ ಹೇಳಿದ್ದು ಮಸ್ಕಿಯಲ್ಲಿ. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಕೊಪ್ಪಳದಲ್ಲೇ ಗವಿಮಠ, ಪಲ್ಕಿಗುಂಡು ಎರಡು ಕಡೆ ಅಶೋಕನ ಶಾಸನಗಳಿವೆ. ಅದರಲ್ಲಿ ಪಲ್ಕಿಗುಂಡಿನದು ತುಂಬಾ ಸವೆದಿದೆ. ಮೂರೇ ಅಕ್ಷರಕ್ಕೆ ಇಷ್ಟು ತೂಕ ಇರುವಾಗ, 'ಸುಮಾರಾಗಿ ಕಾಣುತ್ತೆ' ಅಂದರೆ ಸಾಲದು.

ಎಲ್ಲಕ್ಕಿಂತ ಹಳೆಯ ದಾರಿ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಅಕ್ಷರ ಬಿಳಿಯಾಗಿ ಉಳಿಯುತ್ತದೆ, ಉಳಿದದ್ದು ಕಪ್ಪು. ಕಂಪ್ಯೂಟರ್ ಕಲಿತ ಹುಡುಗರು ಇದನ್ನು ಕಂಡು ನಗುತ್ತಾರೆ. ನಾನು ನಗುವುದಿಲ್ಲ. ಪಡಿಯಚ್ಚು ಕಲ್ಲಿನಷ್ಟೇ ಅಳತೆಯಲ್ಲಿ ಬರುತ್ತದೆ, ಕರೆಂಟ್ ಬೇಕಿಲ್ಲ, ಫೈಲ್ ಕೆಡುವುದಿಲ್ಲ. ಕಲ್ಲು ಸೀಳಿ ಅಕ್ಷರ ಉದುರಿ ಹೋದ ಕಡೆ ಹಳೆಯ ಅಚ್ಚೇ ಕೊನೆಯ ಸಾಕ್ಷಿ. ಆದರೆ ಇದು ಕಲ್ಲನ್ನು ಮುಟ್ಟುವ ಕೆಲಸ. ಪದರ ಏಳುತ್ತಿರುವ ಕಲ್ಲಿಗೆ ಒಂದು ಪೆಟ್ಟು ಬಿದ್ದರೂ ಜಾಸ್ತಿಯೇ. ಮಸಿ ಸೋರಿ ಕಲೆಯಾಗುವುದೂ ಉಂಟು. ಕೈ ಪಳಗಿದವರು, ಅನುಮತಿ ಇದ್ದವರು ಮಾಡಬೇಕಾದ ಕೆಲಸ ಅದು. ನೀವು ಹೊಸಬರಾದರೆ ಅದನ್ನು ಬಿಡಿ.

ಎರಡನೆಯದು ಟಾರ್ಚ್. ಇದನ್ನು ಯಾರೂ ದಾರಿ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನಾನು ಮೊದಲು ಮಾಡುವುದೇ ಇದು. ಕತ್ತಲಾಗುವ ಹೊತ್ತಿಗೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಮಧ್ಯಾಹ್ನ ಬೋಳಾಗಿ ಕಂಡ ಕಲ್ಲಿನಲ್ಲಿ ಸಾಲು ಸಾಲು ಅಕ್ಷರ ಏಳುತ್ತವೆ. ತೊಂದರೆ ಏನೆಂದರೆ, ಎಡದಿಂದ ಬೆಳಕು ಬಿದ್ದರೆ ಅಡ್ಡ ಗೆರೆ ಕಾಣುವುದಿಲ್ಲ, ಮೇಲಿನಿಂದ ಬಿದ್ದರೆ ಉದ್ದ ಗೆರೆ ಕಾಣುವುದಿಲ್ಲ. ಒಂದು ಫೋಟೋದಲ್ಲಿ 'ಪ' ಎಂದು ಓದಿದ್ದು ಇನ್ನೊಂದರಲ್ಲಿ 'ಷ' ಆಗಿಬಿಡುತ್ತದೆ. ಒಳಗಿನ ಆ ಒಂದು ಗೆರೆಯ ಮೇಲೆ ವಿದ್ವಾಂಸರು ವರ್ಷಗಟ್ಟಲೆ ಜಗಳ ಆಡಬಲ್ಲರು.

ಈ ಜಗಳ ಬಿಡಿಸುವುದೇ ಮೂರನೆಯ ದಾರಿ, ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ತೆಗೆದ ಫೋಟೋಗಳನ್ನು ಒಂದಾಗಿಸುವ ಆರ್‌ಟಿಐ. ಮಾಹಿತಿ ಹಕ್ಕಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಷನ್ ಇಮೇಜಿಂಗ್. ಒಂದು ಹಳ್ಳಿಯಲ್ಲಿ "ಇಲ್ಲಿ ಆರ್‌ಟಿಐ ಮಾಡಬೇಕು ಸರ್" ಅಂದಾಗ ಪಂಚಾಯಿತಿ ಕಚೇರಿಯವರು ಎದ್ದು ಕುರ್ಚಿ ಕೊಟ್ಟು ಟೀ ತರಿಸಿದ್ದು ನೆನಪಿದೆ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಇದರ ಮೊದಲ ರೂಪವನ್ನು ಪ್ರಕಟಿಸಿದರು. ಅವರು ಗ್ರಾಫಿಕ್ಸ್ ಕ್ಷೇತ್ರದವರು. ಕಂಪ್ಯೂಟರ್ ಚಿತ್ರದಲ್ಲಿ ಮೇಲ್ಮೈ ನಿಜವಾಗಿ ಕಾಣಬೇಕು ಎಂದು ಹೊರಟವರು. 2005ರಲ್ಲಿ ಅದೇ ತಂತ್ರ ಗ್ರಹಗತಿ ಲೆಕ್ಕ ಹಾಕುತ್ತಿದ್ದ ಗ್ರೀಸಿನ ಪುರಾತನ ಆಂಟಿಕಿತೆರಾ ಯಂತ್ರದ ಸವೆದ ಬರಹ ಓದೋಕೆ ಅಥೆನ್ಸಿಗೆ ಹೋಯಿತು.

ಕೆಲಸ ಹೀಗೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕಲ್ಲಿಗೆ ನೇರವಾಗಿ ನಿಲ್ಲಿಸಬೇಕು. ಆಮೇಲೆ ಅದು ಒಂದು ಕೂದಲೆಳೆಯಷ್ಟೂ ಅಲುಗಬಾರದು. ಕಲ್ಲಿನ ಪಕ್ಕ ಹೊಳೆಯುವ ಎರಡು ಕಪ್ಪು ಗುಂಡು ಇಡಬೇಕು. ನಾನು ಬೇರಿಂಗ್ ಅಂಗಡಿಯಿಂದ ಗುಂಡು ತಂದು ಕಪ್ಪು ಪೇಂಟ್ ಹೊಡೆದಿದ್ದೇನೆ. ಚಿತ್ರದಲ್ಲಿ ಗುಂಡು ಅಡ್ಡಕ್ಕೆ 250 ಪಿಕ್ಸೆಲ್ ಆದರೂ ಇರಲಿ. ಆಮೇಲೆ ಫ್ಲ್ಯಾಷ್ ಹಿಡಿದು ಕಲ್ಲಿನ ಸುತ್ತ ಅರ್ಧ ಕೊಡೆಯ ಆಕಾರದಲ್ಲಿ ಓಡಾಡುತ್ತಾ 40ರಿಂದ 60 ಫೋಟೋ. ಬೆಳಕಿನ ಕೋನ ಕಲ್ಲಿನ ಮೈಯಿಂದ 15 ಡಿಗ್ರಿಯಿಂದ 65 ಡಿಗ್ರಿವರೆಗೆ. ಪ್ರತಿಸಲ ಫ್ಲ್ಯಾಷ್ ಅಷ್ಟೇ ದೂರದಲ್ಲಿರಬೇಕು, ಅದಕ್ಕೇ ದಾರ. ದಾರದ ಒಂದು ತುದಿ ಫ್ಲ್ಯಾಷ್‌ಗೆ, ಇನ್ನೊಂದು ತುದಿಯನ್ನು ಜೊತೆಗಿರುವವರು ಕಲ್ಲಿನ ನಡುಭಾಗದ ಹತ್ತಿರ ಹಿಡಿದು, ಕ್ಲಿಕ್ ಮಾಡುವ ಮೊದಲು ಸರಿಯುತ್ತಾರೆ. ಶಾಸನದ ಕರ್ಣದ ಮೂರು ಪಟ್ಟು ಉದ್ದ ದಾರ ಇದ್ದರೆ ಸಾಕು.

ಗುಂಡಿನ ಮೇಲಿನ ಮಿನುಗು ಎಲ್ಲಿದೆ ಎಂದು ನೋಡಿ ಬೆಳಕು ಯಾವ ಕಡೆಯಿಂದ ಬಂತೆಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆಮೇಲೆ ಪ್ರತಿ ಪಿಕ್ಸೆಲ್ ಯಾವ ಬೆಳಕಿಗೆ ಎಷ್ಟು ಹೊಳೆಯಿತು ಎಂಬುದನ್ನು ಒಂದು ಸಣ್ಣ ಸೂತ್ರಕ್ಕೆ ಇಳಿಸುತ್ತದೆ. ಮೊದಲ ರೂಪದಲ್ಲಿ ಪಿಕ್ಸೆಲ್‌ಗೆ ಆರೇ ಅಂಕಿ. ಅಷ್ಟಾದ ಮೇಲೆ ಮನೆಯಲ್ಲಿ ಕೂತು ಮೌಸ್ ಎಳೆದರೆ ಬೆಳಕು ಎಳೆದ ಕಡೆಗೆ ಹೋಗುತ್ತದೆ. ಕಲ್ಲಿನ ಬಣ್ಣ ತೆಗೆದುಹಾಕಿ, ಕಲ್ಲನ್ನು ಎಣ್ಣೆ ಹಚ್ಚಿದ ಕಬ್ಬಿಣದ ಹಾಗೆ ಹೊಳೆಯಿಸಿ ನೋಡುವ ಆಯ್ಕೆಯೂ ಇದೆ. ಪಾಚಿ, ಕಲೆ, ಸುಣ್ಣ ಎಲ್ಲ ಮರೆಯಾಗಿ ಉಳಿಯ ಗೆರೆ ಮಾತ್ರ ಉಳಿಯುತ್ತದೆ. ಮೊದಲ ಸಲ ಇದನ್ನು ನೋಡಿದ ದಿನ ನಾನು ಊಟ ಮರೆತಿದ್ದೆ. ಆರ್‌ಟಿಐ ಬಿಲ್ಡರ್, ವ್ಯೂವರ್, ಇಟಲಿಯವರು ಮಾಡಿದ ರೀಲೈಟ್, ಈ ಸಾಫ್ಟ್‌ವೇರ್‌ಗಳೆಲ್ಲ ಉಚಿತ.

ಇದರ ಮಿತಿಯನ್ನೂ ಹೇಳಲೇಬೇಕು. ಇದು ಒಂದೇ ಕಡೆಯಿಂದ ನೋಡಿದ ಚಿತ್ರ, ತಿರುಗಿಸಿ ಹಿಂದೆ ನೋಡೋಕೆ ಆಗುವುದಿಲ್ಲ. ಗೆರೆ ಎಷ್ಟು ಮಿಲಿಮೀಟರ್ ಆಳ ಎಂದು ಕೇಳಿದರೆ ನಂಬುವಂಥ ಉತ್ತರ ಇಲ್ಲ. ಇನ್ನೊಂದು, ನಮ್ಮ ಬಿಸಿಲಿನಲ್ಲಿ ಫ್ಲ್ಯಾಷ್ ಬೆಳಕು ಗೆಲ್ಲುವುದಿಲ್ಲ. ಕತ್ತಲು ಬೇಕು. ಊರೊಳಗಿನ ಕಲ್ಲಾದರೆ ರಾತ್ರಿ ಎಂಟು ಗಂಟೆಗೆ ಹೋಗಿ. ಗುಡ್ಡದ ಮೇಲಿನ ಕಲ್ಲಾದರೆ ಬೇಡ, ನಮ್ಮ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ನಾನು ಶಾಮಿಯಾನದವರಿಂದ ದಪ್ಪ ಕಪ್ಪು ಬಟ್ಟೆ ತಂದು ಹಗಲಲ್ಲೇ ಗುಡಾರ ಕಟ್ಟುತ್ತೇನೆ. ಒಳಗೆ ಬೆವರಿಳಿಯುತ್ತದೆ, ಇಳಿಯಲಿ.

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ತಮ್ಮ ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಿಂದ ದಾಖಲಿಸುತ್ತಿದ್ದಾರೆ. ಅದೂ ಒಳ್ಳೆಯ ದಾರಿಯೇ, ಅಳತೆಯೂ ಸಿಗುತ್ತದೆ. ಆದರೆ ಅದಕ್ಕೆ ಸಂಸ್ಥೆಯ ಬಲ ಬೇಕು. ಕೈಯಲ್ಲಿ ಒಂದು ಕ್ಯಾಮೆರಾ, ಜೊತೆಗೆ ಒಬ್ಬ ಗೆಳೆಯ, ಇಷ್ಟೇ ಇರುವವರಿಗೆ ನಾನು ಆರ್‌ಟಿಐ ಅನ್ನುತ್ತೇನೆ.

ಆಕಾರ ಬೇಕಾದರೆ

ವೀರಗಲ್ಲು, ಮೂರ್ತಿ, ಕಂಬ, ಕೋಟೆ ಗೋಡೆ, ಇವಕ್ಕೆ ಫೋಟೋಗ್ರಾಮೆಟ್ರಿ. ಸುತ್ತಲೂ ಫೋಟೋ ತೆಗೆದು, ಅವುಗಳಿಂದ ಕಂಪ್ಯೂಟರ್ ತಾನೇ ಆಕಾರ ಕಟ್ಟುವ ವಿಧಾನ. ನಮ್ಮ ಎರಡು ಕಣ್ಣು ದೂರ ಅಳೆಯುವುದು ಹೇಗೋ ಹಾಗೇ, ಆದರೆ ಇಲ್ಲಿ ನೂರು ಕಣ್ಣು. ಸಾಫ್ಟ್‌ವೇರ್ ಪ್ರತಿ ಫೋಟೋದಲ್ಲೂ ಗುರುತು ಹಿಡಿಯಬಹುದಾದ ಸಾವಿರಾರು ಚುಕ್ಕಿ ಹುಡುಕುತ್ತದೆ. ಇದಕ್ಕೆ ಡೇವಿಡ್ ಲೋ 1999ರಲ್ಲಿ ಮುಂದಿಟ್ಟ ಸಿಫ್ಟ್ ಎಂಬ ವಿಧಾನ ದೊಡ್ಡ ತಿರುವು. ಒಂದೇ ಚುಕ್ಕಿ ಹತ್ತು ಫೋಟೋಗಳಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಹೊಂದಿಸಿ, ಕ್ಯಾಮೆರಾ ಎಲ್ಲಿ ನಿಂತಿತ್ತು, ಚುಕ್ಕಿ ಎಲ್ಲಿದೆ, ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ.

ಇದರಲ್ಲಿ ನಮ್ಮ ಸೀಮೆಗೆ ಒಂದು ಅದೃಷ್ಟ ಇದೆ. ನಮ್ಮ ಗ್ರಾನೈಟ್ ಮೈಯೆಲ್ಲ ಚುಕ್ಕಿ! ಕಪ್ಪು, ಬಿಳಿ, ಗುಲಾಬಿ ಚುಕ್ಕಿಗಳನ್ನು ಸಾಫ್ಟ್‌ವೇರ್ ಹಬ್ಬದೂಟದ ಹಾಗೆ ಮೇಯುತ್ತದೆ. ಹಿರೇಬೆಣಕಲ್ಲಿನ ಮೋರೇರ ಗುಡ್ಡದಲ್ಲಿ ಸುಮಾರು 400 ಕಲ್ಗೋರಿಗಳಿವೆ. 2021ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೂ ಸೇರಿದ ಜಾಗ. ಅಲ್ಲಿನ ಚಪ್ಪಡಿಗಳ ಮಾಡೆಲ್ ತೆಗೆದ ಮೊದಲ ಸಲವೇ ಚೆನ್ನಾಗಿ ಬರುತ್ತದೆ. ಅದೇ ಇಟಗಿಗೆ ಹೋಗಿ. 1112ರ ಮಹಾದೇವ ದೇವಾಲಯ, 'ದೇವಾಲಯ ಚಕ್ರವರ್ತಿ' ಎಂದು ಶಾಸನವೇ ಕರೆದದ್ದು. ತಿರುಗಣಿಯಲ್ಲಿ ಹಿಡಿದಂತೆ ನಯ ಮಾಡಿದ ಬಳಪದ ಕಲ್ಲಿನ ಕಂಬಗಳು. ಕಣ್ಣಿಗೆ ಹಬ್ಬ, ಸಾಫ್ಟ್‌ವೇರ್‌ಗೆ ಉಪವಾಸ. ಹೊಳಪು ನಾವು ನಡೆದ ಹಾಗೆ ಜಾಗ ಬದಲಿಸುತ್ತದೆ, ಅದನ್ನೇ ಚುಕ್ಕಿ ಎಂದು ನಂಬಿ ಕಂಪ್ಯೂಟರ್ ಕಂಬಕ್ಕೆ ಗಂಟು ಗುಳ್ಳೆ ಎಬ್ಬಿಸುತ್ತದೆ. ಎಣ್ಣೆ ಸುರಿದ ಹನುಮಪ್ಪ, ಬೆಳ್ಳಿ ಬಣ್ಣದ ಎನಾಮಲ್ ಬಳಿದ ವೀರಗಲ್ಲು, ಸುಣ್ಣ ಹೊಡೆದ ಮಾಸ್ತಿಕಲ್ಲು, ಇವೂ ಅದೇ ಜಾತಿ. ಫ್ಲ್ಯಾಷ್‌ಗೂ ಲೆನ್ಸಿಗೂ ಪೋಲರೈಸರ್ ಹಾಕಿ ಹೊಳಪು ಕಡಿಮೆ ಮಾಡಬಹುದು. ಎಣ್ಣೆ, ಬಣ್ಣ ಒರೆಸೋಕೆ ಮಾತ್ರ ಹೋಗಬೇಡಿ. ಅದು ನಿಮಗೆ ಕಲ್ಲು, ಆ ಊರಿಗೆ ದೇವರು.

ಇಲ್ಲೇ ಆಷಾಢದ ಮೋಡ ಕೆಲಸಕ್ಕೆ ಬರುವುದು. ಫೋಟೋಗ್ರಾಮೆಟ್ರಿಗೆ ನೆರಳಿಲ್ಲದ ಸಮ ಬೆಳಕು ಬೇಕು. ನನ್ನ ಮೊದಲ ವೀರಗಲ್ಲನ್ನು ಏಪ್ರಿಲ್ ಮಧ್ಯಾಹ್ನ ತೆಗೆದೆ. ವೀರನ ಕುದುರೆಯ ಹೊಟ್ಟೆ ಕೆಳಗೆ ಕಡುಗಪ್ಪು ನೆರಳು. ಅಲ್ಲಿ ಚುಕ್ಕಿ ಸಿಗದೆ ಕುದುರೆಗೆ ತೂತು ಬಿತ್ತು. ಅದಕ್ಕಿಂತ ದೊಡ್ಡ ತಪ್ಪು, ಅಳತೆಪಟ್ಟಿ ಇಡದೇ ಇದ್ದದ್ದು. ಫೋಟೋಗಳಿಂದ ಆಕಾರ ಬರುತ್ತದೆ, ಗಾತ್ರ ಬರುವುದಿಲ್ಲ. ಆಳೆತ್ತರದ ಕಲ್ಲೋ ಅಂಗೈಯಷ್ಟು ಗೊಂಬೆಯೋ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಮೇಡಂ "ಎತ್ತರ ಎಷ್ಟು?" ಅಂದಾಗ ಮತ್ತೆ 60 ಕಿಲೋಮೀಟರ್ ಬೈಕ್ ಓಡಿಸಿ ಟೇಪ್ ಹಿಡಿದು ಬಂದೆ. ಈಗ ಬ್ಯಾಗಿನಲ್ಲಿ ಎರಡು ಸ್ಟೀಲ್ ಸ್ಕೇಲ್ ಸದಾ ಇರುತ್ತವೆ. ಎರಡು ಯಾಕೆಂದರೆ, ಒಂದರಿಂದ ಅಳತೆ ಕೊಡೋದು, ಇನ್ನೊಂದರಿಂದ ಅದು ಸರಿಯೇ ಎಂದು ನೋಡೋದು.

ಆಳೆತ್ತರದ ವೀರಗಲ್ಲಿಗೆ 80ರಿಂದ 150 ಫೋಟೋ ಬೇಕು. ಒಂದಕ್ಕೊಂದು ಮುಕ್ಕಾಲು ಭಾಗ ಮೇಲೆ ಮೇಲೆ ಬರಲಿ. ಜೂಮ್ ಮುಟ್ಟಬೇಡಿ. ಅಪರ್ಚರ್ (ಲೆನ್ಸ್ ಬಾಯಿ ತೆರೆಯುವ ಅಳತೆ) ಎಫ್ 8ರ ಆಸುಪಾಸು. ನಿಂತಲ್ಲೇ ತಿರುಗಬೇಡಿ, ಹೆಜ್ಜೆ ಹಾಕುತ್ತಾ ತೆಗೆಯಿರಿ. ಎಷ್ಟು ಸೂಕ್ಷ್ಮ ಬೇಕು ಎಂಬ ಲೆಕ್ಕ ಸುಲಭ. 6000 ಪಿಕ್ಸೆಲ್ ಅಗಲದ ಫೋಟೋದಲ್ಲಿ 60 ಸೆಂಟಿಮೀಟರ್ ಕಲ್ಲು ತುಂಬಿದರೆ ಒಂದು ಪಿಕ್ಸೆಲ್ ಅಂದರೆ 0.1 ಮಿಲಿಮೀಟರ್. ಎರಡು ಮಿಲಿಮೀಟರ್ ಅಗಲದ ಗೆರೆಗೆ 20 ಪಿಕ್ಸೆಲ್ ಸಿಕ್ಕಿತು, ಧಾರಾಳ ಆಯಿತು.

ಉದ್ದನೆಯ ವಸ್ತುಗಳಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ರಾಯಚೂರು ಕೋಟೆಯಲ್ಲಿ 1294ರ ಶಾಸನದ ಕಲ್ಲು ನೋಡಿರುತ್ತೀರಿ, ಸುಮಾರು 41 ಅಡಿ ಉದ್ದ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಇಂಥ ಉದ್ದದ ಕಲ್ಲಿಗೆ ನೇರ ಎದುರು ನಿಂತು ಸಾಲಾಗಿ ಫೋಟೋ ತೆಗೆದರೆ ಮಾಡೆಲ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಫೋಟೋದಿಂದ ಫೋಟೋಗೆ ಸೇರುವ ಸಣ್ಣ ತಪ್ಪುಗಳೆಲ್ಲ ಕೂಡಿ ಆಗುವ ಬಾಗು ಅದು. ನಡುನಡುವೆ ಓರೆಯಾಗಿಯೂ ಫೋಟೋ ತೆಗೆಯಿರಿ. ಕಲ್ಲಿನ ಎರಡು ತುದಿ, ನಡುವಿನ ಕೆಲವು ಗುರುತುಗಳ ನಡುವೆ ಟೇಪ್ ಹಿಡಿದು ಬರೆದುಕೊಳ್ಳಿ. ಆ ಅಳತೆಗಳನ್ನು ಸಾಫ್ಟ್‌ವೇರ್‌ಗೆ ಕೊಟ್ಟರೆ ಬಾಳೆಹಣ್ಣು ನೆಟ್ಟಗಾಗುತ್ತದೆ.

ಸಾಫ್ಟ್‌ವೇರ್ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೆಶ್‌ರೂಮ್, ಕೋಲ್‌ಮ್ಯಾಪ್ ಎರಡೂ ಉಚಿತ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು ಅಷ್ಟೇ. ಮೆಟಾಶೇಪ್‌ಗೆ ದುಡ್ಡು ಕೊಡಬೇಕು, ಅಳತೆಯ ಕೆಲಸಕ್ಕೆ ಅದು ಹೆಚ್ಚು ಸಲೀಸು. ರಾತ್ರಿ ಲೆಕ್ಕಕ್ಕೆ ಹಾಕಿ ಮಲಗುವುದಾದರೆ ಯುಪಿಎಸ್ ಇರಲಿ. ಬೆಳಗಿನ ಜಾವ ನಾಲ್ಕಕ್ಕೆ ಕರೆಂಟ್ ಹೋಗಿ ಎಲ್ಲಾ ಮತ್ತೆ ಮೊದಲಿಂದ ಶುರುಮಾಡಿದವನ ಮಾತು ಇದು.

ಮಾಡೆಲ್ ಆದ ಮೇಲೆ ಬಣ್ಣ ತೆಗೆದು ನೋಡುವುದನ್ನು ಮರೆಯಬೇಡಿ. ಮೆಶ್‌ಲ್ಯಾಬ್‌ ಎಂಬ ಸಾಫ್ಟ್‌ವೇರ್‌ನಲ್ಲಿ ಬೂದು ಬಣ್ಣಕ್ಕೆ ತಿರುಗಿಸಿ, ಬೆಳಕು ಆಡಿಸಿ, ತಗ್ಗುಗಳನ್ನು ಕಪ್ಪಾಗಿಸಬಹುದು. ಕ್ಲೌಡ್‌ಕಂಪೇರ್‌ನಲ್ಲಿ ಕಲ್ಲಿನ ಮೇಲೆ ಸಮತಟ್ಟು ಹಾಳೆ ಇಟ್ಟಂತೆ ಮಾಡಿ, ಹಾಳೆಯಿಂದ ಎಷ್ಟು ಕೆಳಗಿದೆ ಎಂಬುದಕ್ಕೆ ಬಣ್ಣ ಕೊಟ್ಟರೆ ಅಕ್ಷರಗಳು ನೀಲಿಯಾಗಿ ತೇಲುತ್ತವೆ. ಆಳವೂ ಮಿಲಿಮೀಟರ್‌ನಲ್ಲಿ ಸಿಗುತ್ತದೆ, ಆರ್‌ಟಿಐ ಕೊಡದೇ ಇದ್ದದ್ದು. ಮೆಸೊಪೊಟೇಮಿಯಾದ ಮಣ್ಣಿನ ಹಲಗೆ ಓದೋಕೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮಾಡಿದ ಗಿಗಾಮೆಶ್ ಕೂಡ ಉಚಿತವೇ.

ಸ್ಕ್ಯಾನರ್ ಯಾರಿಗೆ?

ಸ್ಕ್ಯಾನರ್ ಅಂದರೆ ಮೂರು ಬಗೆ. ಮೂರನ್ನೂ ಒಂದೇ ಎಂದುಕೊಂಡು ಜನ ಮೋಸ ಹೋಗುತ್ತಾರೆ.

ಟ್ರೈಪಾಡ್ ಮೇಲೆ ನಿಂತು ತಿರುಗುವ ಲೇಸರ್ ಸ್ಕ್ಯಾನರ್ ಕಟ್ಟಡಕ್ಕೆ. ಇಡೀ ಕೋಟೆ, ಇಡೀ ದೇವಸ್ಥಾನಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಅಳತೆ ಕೊಡುತ್ತದೆ. ಕತ್ತಲಲ್ಲೂ ಕೆಲಸ ಮಾಡುತ್ತದೆ. ಬೆಲೆ ಹತ್ತಾರು ಲಕ್ಷ. ಇಲಾಖೆ, ವಿಶ್ವವಿದ್ಯಾಲಯದ ಮಟ್ಟದ ಮಾತು ಅದು, ಸವೆದ ಶಾಸನ ಓದೋಕಲ್ಲ.

ಕೈಯಲ್ಲಿ ಹಿಡಿಯುವ ಸ್ಟ್ರಕ್ಚರ್ಡ್ ಲೈಟ್ ಸ್ಕ್ಯಾನರ್ ವಸ್ತುವಿನ ಮೇಲೆ ಬೆಳಕಿನ ಪಟ್ಟೆ ಬಿಟ್ಟು, ಪಟ್ಟೆ ಎಲ್ಲಿ ಬಾಗಿತೆಂದು ನೋಡಿ ಆಕಾರ ಹಿಡಿಯುತ್ತದೆ. ಮಡಕೆ ಚೂರು, ಕಲ್ಗೊಡಲಿ, ಸಣ್ಣ ಮೂರ್ತಿಗಳಿಗೆ ಹೇಳಿ ಮಾಡಿಸಿದ್ದು. ಆದರೆ ಬಿಸಿಲಿಗೆ ಆಗದು. ಗೆಳೆಯರೊಬ್ಬರು ದಿನಬಾಡಿಗೆಗೆ ತಂದು ಏಪ್ರಿಲ್‌ನಲ್ಲಿ ಬಯಲಿನ ಕಲ್ಲಿಗೆ ಹಿಡಿದರು. ನಮ್ಮ ಸೂರ್ಯನ ಮುಂದೆ ಆ ಪಟ್ಟೆ ಎಲ್ಲಿ ಕಾಣಬೇಕು? ಸಂಜೆವರೆಗೆ ಬೇವಿನ ಮರದ ಕೆಳಗೆ ಕೂತು ಬಾಡಿಗೆ ಕಟ್ಟಿ ಬಂದೆವು.

ಮೂರನೆಯದು ಐಫೋನ್ ಪ್ರೊಗಳಲ್ಲಿ 2020ರಿಂದ ಬರುತ್ತಿರುವ ಲೈಡಾರ್, ಲೇಸರ್ ಬೆಳಕು ಬಿಟ್ಟು ದೂರ ಅಳೆಯುವ ಸಾಧನ. ಐದು ಮೀಟರ್ ದೂರದವರೆಗೆ ಅಳೆಯುತ್ತದೆ. ತಪ್ಪು ಸೆಂಟಿಮೀಟರ್ ಲೆಕ್ಕದಲ್ಲಿ. ಗುಡಿಯ ಮಂಟಪದ ಅಂದಾಜು ನಕ್ಷೆಗೆ ಪರವಾಗಿಲ್ಲ. ಶಾಸನಕ್ಕೆ ಹಿಡಿದರೆ ಅಕ್ಷರಗಳ ಮೇಲೆ ದೋಸೆ ಹಿಟ್ಟು ಸುರಿದ ಹಾಗೆ ನುಣ್ಣಗೆ. ಇದೊಂದಕ್ಕೆ ಅಂತ ಫೋನ್ ಕೊಳ್ಳಬೇಡಿ, ಇರುವ ಫೋನಿನ ಕ್ಯಾಮೆರಾದಿಂದ ಫೋಟೋಗ್ರಾಮೆಟ್ರಿ ಮಾಡಿ.

ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಲೆವಾಯ್ ತಂಡ 1999ರಲ್ಲಿ ಮೈಕೆಲೆಂಜೆಲೊನ ಡೇವಿಡ್ ಪ್ರತಿಮೆ ಸ್ಕ್ಯಾನ್ ಮಾಡಿತು. ಅವರಿಗೆ ಉಳಿಯ ಗುರುತುಗಳೇ ಬೇಕಿತ್ತು. ಅದಕ್ಕೆ ಕಾಲು ಮಿಲಿಮೀಟರ್ ಸೂಕ್ಷ್ಮತೆ ಬೇಕೆಂದು ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಅದಕ್ಕೆ ತಕ್ಕ ಯಂತ್ರ ಹೊಂದಿಸಿದರು. ನಮ್ಮಲ್ಲಿ ಉಲ್ಟಾ. ಗ್ರಾಂಟ್ ಬಂತು, ಮಷೀನ್ ಬಂತು, ಈಗ ಏನು ಸ್ಕ್ಯಾನ್ ಮಾಡೋಣ ಅಂತ ಕೇಳುತ್ತಾರೆ.

ಕೊಡಲಿ, ಚೂರು, ಮತ್ತೆ ಮ್ಯೂಸಿಯಂ ಮೇಜು

ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ನೋಡಿದವರಿಗೆ ಸಂಗನಕಲ್ಲಿನ ಕಲ್ಗೊಡಲಿಗಳು ಗೊತ್ತು. ಅಲ್ಲಿನ ಗುಡ್ಡದ ಕಪ್ಪು ಡಾಲರೈಟ್ ಕಲ್ಲಿನಿಂದ ನವಶಿಲಾಯುಗದ ಜನ ಕೊಡಲಿ ಮಾಡುತ್ತಿದ್ದರು, ಒಂಥರಾ ಕಾರ್ಖಾನೆಯೇ. ಇಂಥ ಅಂಗೈ ಗಾತ್ರದ ವಸ್ತುವಿಗೆ ಸ್ಟ್ರಕ್ಚರ್ಡ್ ಲೈಟ್ ಸ್ಕ್ಯಾನರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೇಕರಿಯವರು ಕೇಕ್ ತಿರುಗಿಸುವ ಸ್ಟ್ಯಾಂಡ್ ತನ್ನಿ. ಹಿಂದೆ ಒಂದೇ ಬಣ್ಣದ ಬಟ್ಟೆ, ಕ್ಯಾಮೆರಾ ನಿಂತಲ್ಲೇ, ಕೊಡಲಿ ತಿರುಗಲಿ. ಹಿಂದಿನ ಬಟ್ಟೆಯಲ್ಲಿ ಮಡಿಕೆ, ಹೂವು ಇದ್ದರೆ ಸಾಫ್ಟ್‌ವೇರ್ ಅದನ್ನೇ ಹಿಡಿದು 'ಏನೂ ತಿರುಗಿಲ್ಲ' ಎಂದು ಕೂತುಬಿಡುತ್ತದೆ. ಒಂದು ಸುತ್ತು ಆದ ಮೇಲೆ ಮಗ್ಗುಲು ಬದಲಿಸಿ ಇನ್ನೊಂದು ಸುತ್ತು. ಮಾಡೆಲ್‌ನಿಂದ ಬಾಯಿಯ ಕೋನ, ಗಾತ್ರ, ಎರಡು ಕೊಡಲಿಗಳ ವ್ಯತ್ಯಾಸ ಎಲ್ಲ ಅಳೆಯಬಹುದು. ಮಡಕೆ ಚೂರಿನಿಂದ ಇಡೀ ಮಡಕೆಯ ಬಾಯಿ ಎಷ್ಟು ಅಗಲ ಇತ್ತೆಂದೂ ತೆಗೆಯಬಹುದು.

ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳಿವೆ. ಅಲ್ಲಿ ಬಡಿದರೆ ಗಂಟೆಯಂತೆ ದನಿ ಕೊಡುವ ಕಲ್ಲುಗಳೂ ಇವೆ, ಹಿರೇಬೆಣಕಲ್ಲಿನ ಕಲ್ಲಿನ ನಗಾರಿಯ ಹಾಗೆ. ಆ ದನಿ ಯಾವ ಮಾಡೆಲ್‌ನಲ್ಲೂ ಬರುವುದಿಲ್ಲ. ಹಾಗಂತ ರೆಕಾರ್ಡರ್ ಹಿಡಿದು ಕಲ್ಲಿನಿಂದ ಕಲ್ಲಿಗೆ ಬಡಿಯೋಕೆ ಹೋಗಬೇಡಿ, ಹಳೆಯ ಗುರುತುಗಳ ಮೇಲೆ ಹೊಸ ಗುರುತು ಬೀಳುತ್ತದೆ. ಕೈಯಿಂದ ಮೆಲ್ಲಗೆ ತಟ್ಟಿ.

ಬಣ್ಣದ ಚಿತ್ರಗಳಿಗೆ

ಹಿರೇಬೆಣಕಲ್ಲಿನ ಬಂಡೆ ಆಸರೆಗಳಲ್ಲಿ, ಲಿಂಗಸುಗೂರು ಕಡೆಯ ಪಿಕ್ಲಿಹಾಳದಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಇಲ್ಲಿ ಉಬ್ಬು ತಗ್ಗು ಇಲ್ಲ, ಹಾಗಾಗಿ ಆರ್‌ಟಿಐ, ಸ್ಕ್ಯಾನರ್ ಎರಡೂ ದಂಡ. ಡಿಸ್ಟ್ರೆಚ್ ಎಂಬ ಸಾಫ್ಟ್‌ವೇರ್ ಬಳಸಿ. ಉಪಗ್ರಹ ಚಿತ್ರಗಳಲ್ಲಿ ಬಣ್ಣದ ಸಣ್ಣ ವ್ಯತ್ಯಾಸ ಹಿಗ್ಗಿಸೋಕೆ ಇದ್ದ ಲೆಕ್ಕವನ್ನು ಜಾನ್ ಹಾರ್ಮನ್ 2005ರಲ್ಲಿ ಬಂಡೆಚಿತ್ರಗಳಿಗೆ ತಂದರು. ಫೋನ್ ಆ್ಯಪ್ ಕೂಡ ಇದೆ. ಬರಿಗಣ್ಣಿಗೆ ಕೆಂಪು ಕಲೆ ಮಾತ್ರ ಕಂಡ ಕಡೆ ಕೊಂಬು, ಬಾಲ, ಬಿಲ್ಲು ಹಿಡಿದ ಮನುಷ್ಯ ಹೊರಬರುತ್ತಾರೆ.

ಒಂದೇ ಎಚ್ಚರಿಕೆ. ಅದು ತೋರಿಸುವ ಬಣ್ಣ ಸುಳ್ಳು. ಅಂಥದ್ದೊಂದು ಚಿತ್ರ ನೋಡಿ 'ಆದಿಮಾನವರು ನೇರಳೆ ಗೂಳಿ ಬರೆದಿದ್ದಾರೆ' ಎಂದು ಭಾಷಣ ಮಾಡಿದವರನ್ನು ಕೇಳಿದ್ದೇನೆ. ಮೂಲ ಫೋಟೋ ಜೊತೆಗಿಟ್ಟೇ ತೋರಿಸಿ. ಚಿತ್ರ ಚೆನ್ನಾಗಿ ಕಾಣಲಿ ಎಂದು ನೀರು ಚಿಮುಕಿಸುವ ಹಳೇ ಚಟ ಬಿಡಿ. ನೀರು ಆರಿದ ಮೇಲೆ ಉಪ್ಪಿನ ಪೊರೆ ಕೂತು ಚಿತ್ರವನ್ನೇ ನುಂಗುತ್ತದೆ. ಶಾಸನಕ್ಕೆ ಸೀಮೆಸುಣ್ಣ, ವಿಭೂತಿ, ಜೋಳದ ಹಿಟ್ಟು ಉಜ್ಜುವುದೂ ಅಷ್ಟೇ.

ಹೊಸ ಮೋಹಗಳು

2020ರಲ್ಲಿ ನರ್ಫ್ ಬಂತು, 2023ರಲ್ಲಿ ಗಾಸಿಯನ್ ಸ್ಪ್ಲ್ಯಾಟಿಂಗ್. ಎರಡೂ ಫೋಟೋಗಳಿಂದಲೇ ದೃಶ್ಯ ಕಟ್ಟುತ್ತವೆ. ಇಟಗಿಯ ಹೊಳೆಯುವ ಕಂಬವೂ ಹೊಳೆಯುತ್ತಲೇ ಬರುತ್ತದೆ, ನೋಡೋಕೆ ಬಲು ಚೆಂದ. ಆದರೆ ಅವು ನೋಟ ಹಿಡಿಯುತ್ತವೆ, ಮೈಯನ್ನಲ್ಲ. ಅಳೆಯೋಕೆ ಹೋದರೆ ಕಂಬದ ಗಡಿಯೇ ಮಂಜು. ಊರ ಜಾತ್ರೆಯಲ್ಲಿ ದೊಡ್ಡ ಪರದೆಗೆ ಇದು, ಪ್ರಬಂಧಕ್ಕೆ ಫೋಟೋಗ್ರಾಮೆಟ್ರಿ. ಎರಡಕ್ಕೂ ಒಂದೇ ಫೋಟೋಗಳು ಸಾಕು ಎನ್ನುವುದು ಲಾಭ.

ಯಂತ್ರವೇ ಹಳಗನ್ನಡ ಶಾಸನ ಓದುತ್ತದಾ ಎಂದು ಹುಡುಗರು ಕೇಳುತ್ತಾರೆ. ಯುರೋಪಿನಲ್ಲಿ ಆರ್ಕೈಡ್ ಎಂಬ ಯೋಜನೆಯಲ್ಲಿ ಮಡಕೆ ಚೂರಿನ ಫೋಟೋ ನೋಡಿ ಯಾವ ಬಗೆ ಎಂದು ಹೇಳುವುದನ್ನು ಯಂತ್ರಕ್ಕೆ ಕಲಿಸಿದರು. ಕಲಿಯೋಕೆ ಮೊದಲು ತಜ್ಞರು ಗುರುತಿಸಿದ ಚೂರುಗಳು ಬೇಕಾದವು. ನಮಗೂ ಮೊದಲು ಒಳ್ಳೆಯ ಫೋಟೋ, ಸರಿಯಾದ ಓದು ಬೇಕು. ಫೋನಿನಲ್ಲಿ 'ಎಐ ಶಾರ್ಪ್' ಇದ್ದರೆ ಅದನ್ನು ಆಫ್ ಮಾಡಿ, ಆಗುವುದಾದರೆ ರಾ ಫೈಲ್ (ಫೋನ್ ತಿದ್ದದ ಮೂಲ ಫೋಟೋ) ತೆಗೆಯಿರಿ. ಮದುಮಗಳ ಮೊಡವೆ ಅಳಿಸುವ ಅದೇ ಬುದ್ಧಿ ಇಲ್ಲದ ಗೆರೆಯನ್ನು ಇದೆ ಎನ್ನುತ್ತದೆ, ಇರುವ ಗೆರೆಯನ್ನು ಅಳಿಸುತ್ತದೆ.

ಹೊರಡುವ ಮುಂಚೆ

ಸಂರಕ್ಷಿತ ಸ್ಮಾರಕವಾದರೆ ಟ್ರೈಪಾಡ್, ಫ್ಲ್ಯಾಷ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಕೇಳಿ. ಡ್ರೋನ್ ಆದರೆ 2021ರ ಡ್ರೋನ್ ನಿಯಮಗಳೂ ಸೇರುತ್ತವೆ. ಕುಡತಿನಿಯ ಬೂದಿದಿಬ್ಬದಂಥ ದೊಡ್ಡ ಗುಡ್ಡೆಗೆ ಡ್ರೋನ್ ಚೆನ್ನ, ವೀರಗಲ್ಲಿಗೆ ಬೇಕಿಲ್ಲ. ನೆಲದಲ್ಲಿ ಸಿಕ್ಕ ಚೂರು, ಕೊಡಲಿ ಜೇಬಿಗೆ ಹಾಕಿಕೊಳ್ಳಬೇಡಿ, ಸಿಕ್ಕ ಜಾಗವೇ ಅದರ ಅರ್ಧ ಕತೆ.

ಈ ವರ್ಷ ಮೂವರು ಬಂದಿದ್ದರು. ಸವೆದ ಶಾಸನದ ಮೇಲೆ ಪ್ರಬಂಧ ಬರೆಯುವ ಹುಡುಗಿಗೆ ನನ್ನ ಗುಂಡು, ದಾರ ಕೊಟ್ಟು ಕಳಿಸಿದೆ. ಶಾಲೆಯಲ್ಲಿ ಊರ ವೀರಗಲ್ಲು ತೋರಿಸಬೇಕೆಂದ ಮೇಷ್ಟ್ರಿಗೆ ಅವರದೇ ಫೋನ್, ಎರಡು ಸ್ಕೇಲ್, ಒಂದು ಮೋಡದ ದಿನ. ದೇವಸ್ಥಾನದ ಕಮಿಟಿಯವರು ಲೇಸರ್ ಸ್ಕ್ಯಾನರ್ ತರಿಸೋಣ ಅಂದರು. ಯಾಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಒಬ್ಬರು ಹೇಳಿದರು: "ಗ್ವಾಡಿ ವಾಲ್ಯಾವ ಅಂತಾರ್ರೀ, ವರ್ಷಕ್ಕ ಎಷ್ಟ್ ವಾಲ್ತೈತಿ ನೋಡ್ಬೇಕು." ಹಾಗಾದರೆ ತರಿಸಿ ಅಂ‌ದೆ, ಇವತ್ತೊಮ್ಮೆ, ಮುಂದಿನ ಆಷಾಢಕ್ಕೆ ಇನ್ನೊಮ್ಮೆ.